ಹಿತ್ತಲಿನ ಹೂವು, ಸ್ವರ್ಗದ ದಾರಿ



ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆರೆಯುತ್ತೀರಿ. ರಾತ್ರಿ ಅರಳಿದ ಮಲ್ಲಿಗೆಯ ಕಂಪು ಮುಖಕ್ಕೆ ತಾಕುತ್ತದೆ. ನಿನ್ನೆ ಮೊಗ್ಗಾಗಿದ್ದ ದಾಸವಾಳ ಇಂದು ಬಿರಿದು ನಿಂತಿದೆ. ಒಲೆಯ ಪಕ್ಕ ಮುದುಡಿ ಮಲಗಿದ್ದ ಬೆಕ್ಕು ಹಾಲಿನ ಪಾತ್ರೆಯ ಸದ್ದಿಗೆ ಮೈಮುರಿದು ಎದ್ದು ಬಂದು ನಿಮ್ಮ ಕಾಲಿಗೆ ಮೈ ಉಜ್ಜುತ್ತದೆ. ದಿನದ ಗಡಿಬಿಡಿ ಶುರುವಾಗುವ ಮುನ್ನ ಸಿಗುವ ಆ ಐದು ನಿಮಿಷ ಎಷ್ಟು ಹಿತ, ಅಲ್ಲವೇ?

ಆದರೆ ಮನೆಗಳಿಗೆ ಭೇಟಿ ನೀಡುವಾಗ ಗುರುಗಳಾದ ನಮಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಜಪಸರಕ್ಕೆ ಕುಳಿತರೆ ಮನಸ್ಸು ಗಿಡಗಳಿಗೆ ನೀರು ಹಾಕಿದೆನೋ ಇಲ್ಲವೋ ಎಂದು ಓಡುತ್ತದೆ. ಬೆಕ್ಕಿನ ಮರಿ ಕಾಣದಿದ್ದರೆ ಪ್ರಾರ್ಥನೆಯೇ ಸಾಗುವುದಿಲ್ಲ. ದೇವರಿಗೆ ಕೊಡಬೇಕಾದ ಪ್ರೀತಿಯನ್ನು ಹೂವಿಗೂ ಬೆಕ್ಕಿಗೂ ಹಂಚುತ್ತಿದ್ದೇವೆಯೇ ಎಂದು ಕೆಲವರು ನಿಜವಾದ ಆತಂಕದಿಂದಲೇ ಕೇಳುತ್ತಾರೆ. ಸಂತರಾಗಬೇಕಾದರೆ ಇವನ್ನೆಲ್ಲ ಬಿಡಬೇಕಲ್ಲವೇ ಎಂಬುದು ಅವರ ಅಳುಕು.

ಈ ಪ್ರಶ್ನೆಗೆ ತತ್ವಶಾಸ್ತ್ರದ ಪಾಠ ಹೇಳುವುದಕ್ಕಿಂತ ಒಬ್ಬರ ಬದುಕನ್ನು ನಿಮ್ಮ ಮುಂದಿಡುವುದು ಮೇಲು. ಅವರ ಸ್ವರೂಪ ನಿಮ್ಮ ಧರ್ಮಕೇಂದ್ರದ ದೇವಾಲಯದಲ್ಲೇ ಇದ್ದರೂ ಇರಬಹುದು. ಕಂದು ಬಣ್ಣದ ನಿಲುವಂಗಿ, ಬಿಳಿಯ ಹೊದಿಕೆ, ಕೈಯಲ್ಲಿ ಶಿಲುಬೆ, ಶಿಲುಬೆಯ ಸುತ್ತ ಗುಲಾಬಿ. ಹೌದು, ಬಾಲಯೇಸುವಿನ ಸಂತ ತೆರೇಸಮ್ಮನವರು. ಗುಲಾಬಿಯ ಆ ಸಂತಳನ್ನು ನಾವೆಲ್ಲ ಬಲ್ಲೆವು. ಆ ಗುಲಾಬಿ ಯಾವ ಹಿತ್ತಲಿನಿಂದ ಬಂತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಲ್ಲ.

ಫ್ರಾನ್ಸ್ ದೇಶದ ನಾರ್ಮಂಡಿ ಸೀಮೆಯಲ್ಲಿ ಅಲೆನ್ಸಾನ್ ಎಂಬ ಊರಿದೆ. ತೆರೇಸಾ ಹುಟ್ಟಿದ್ದು ಅಲ್ಲಿ, 1873ರ ಜನವರಿ 2ರಂದು. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸ ಬಲ್ಲವರು. ತಾಯಿ ಝೆಲಿ ಆ ಊರಿಗೇ ಹೆಸರು ತಂದ ನವಿರಾದ ಲೇಸಿನ ಕುಶಲಕರ್ಮಿ. ಇತರ ಹೆಂಗಸರಿಗೂ ಕೆಲಸ ಕೊಟ್ಟು ಆ ವ್ಯವಹಾರವನ್ನು ತಾನೇ ನಡೆಸುತ್ತಿದ್ದ ಗಟ್ಟಿಗಿತ್ತಿ. ಅವರಿಗೆ ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಉಳಿದವರು ಐವರೂ ಹೆಣ್ಣುಮಕ್ಕಳು: ಮೇರಿ, ಪೌಲೀನ್, ಲಿಯೋನಿ, ಸೆಲೀನ್ ಮತ್ತು ಎಲ್ಲರಿಗಿಂತ ಕಿರಿಯವಳು ತೆರೇಸಾ.

ಈ ಮಗುವೂ ಉಳಿಯುವ ಭರವಸೆ ಇರಲಿಲ್ಲ. ತಾಯಿಯ ಹಾಲು ಸಿಗದೆ ಸೊರಗುತ್ತಿದ್ದ ಕೂಸನ್ನು ಹತ್ತಿರದ ಸೆಮಾಲ್ಲೆ ಎಂಬ ಹಳ್ಳಿಯ ರೈತ ಹೆಂಗಸೊಬ್ಬಳಿಗೆ ಹಾಲೂಡಿಸಲು ಒಪ್ಪಿಸಿದರು. ಸುಮಾರು ಒಂದು ವರ್ಷ ಮಗು ಅಲ್ಲೇ ಬೆಳೆಯಿತು. ದಾದಿ ಹುಲ್ಲು ತುಂಬಿದ ಕೈಗಾಡಿಯ ಮೇಲೆ ಕೂಸನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಸಂತೆಯ ದಿನ ಬೆಣ್ಣೆ ಮಾರಲು ಪೇಟೆಗೆ ಬರುವಾಗಲೂ ಕರೆತರುತ್ತಿದ್ದಳು. ಬಿಸಿಲು, ಗಾಳಿ, ಹಸು, ಹುಲ್ಲು ಇವುಗಳ ನಡುವೆ ಮಗು ಚೇತರಿಸಿಕೊಂಡಿತು. ದೇವರು ತನ್ನ ಈ ಸಂತಳನ್ನು ಮೊದಲು ಹೊಲದ ಮಣ್ಣಿನ ಕೈಗೆ ಕೊಟ್ಟು ಬದುಕಿಸಿದ ಎನ್ನಬಹುದು.

ತಂದೆ ಲೂಯಿಯವರಿಗೆ ಅಲೆನ್ಸಾನಿನಲ್ಲಿ ಒಂದು ಪುಟ್ಟ ತೋಟವಿತ್ತು. ತೋಟದಲ್ಲಿ ಗೋಪುರದಂಥ ಚಿಕ್ಕ ಕಟ್ಟಡ. ಒಳಗೆ ಮೀನು ಹಿಡಿಯುವ ಗಾಳಗಳು, ಓದಲು ಪುಸ್ತಕಗಳು. ಹೊರಗೆ ಗಿಡಗಳ ನಡುವೆ ಮರಿಯಮ್ಮನವರ ಒಂದು ಸ್ವರೂಪ. ಅವರಿಗೆ ಮೀನು ಹಿಡಿಯುವುದೆಂದರೆ ಬಲು ಇಷ್ಟ. ಹಿಡಿದ ಮೀನಿನಲ್ಲಿ ಒಂದಿಷ್ಟು ಊರಿನ ಕ್ಲಾರಮ್ಮನವರ ಸಭೆಯ ಬಡ ಸನ್ಯಾಸಿನಿಯರ ಮಠಕ್ಕೆ ತಲುಪುತ್ತಿತ್ತು. ನೋಡಿ, ಅವರ ವಿರಾಮದ ಸುಖದಲ್ಲೂ ಬೇರೆಯವರಿಗೊಂದು ಪಾಲು ಇತ್ತು. ಈ ಮಾತನ್ನೂ ಆ ಮರಿಯಮ್ಮನವರ ಸ್ವರೂಪವನ್ನೂ ನೆನಪಿನಲ್ಲಿಟ್ಟುಕೊಳ್ಳಿ.

ತೆರೇಸಾಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, 1877ರ ಆಗಸ್ಟ್ 28ರಂದು, ತಾಯಿ ಝೆಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ನಗುನಗುತ್ತ, ಹಟ ಮಾಡುತ್ತ, ಮಾತು ಸುರಿಸುತ್ತ ಇದ್ದ ಮಗು ಅಂದಿನಿಂದ ಮೆತ್ತಗಾಯಿತು. ಸಣ್ಣ ಮಾತಿಗೂ ಕಣ್ಣೀರು, ಅಪರಿಚಿತರನ್ನು ಕಂಡರೆ ಅಳುಕು. ಅದೇ ವರ್ಷದ ನವೆಂಬರಿನಲ್ಲಿ ತಂದೆ ಐವರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಲಿಸಿಯು ಎಂಬ ಪಟ್ಟಣಕ್ಕೆ ಬಂದರು. ಅಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಸೋದರಮಾವ ಇಸಿದೋರ್ ಗೆರೆನ್ ಅವರ ಆಸರೆಯಿತ್ತು. ಬಾಡಿಗೆಗೆ ಹಿಡಿದ ಮನೆಯ ಹೆಸರು ಲೆ ಬ್ಯುಸೊನೆ. ಪುಟ್ಟ ಪೊದೆಗಳು ಎಂಬುದು ಆ ಹೆಸರಿನ ಅರ್ಥ. ಮನೆಯ ಮುಂದೆ ಹುಲ್ಲುಹಾಸು, ಹಿಂದೆ ಹಿತ್ತಲು, ಮೇಲೆ ತಂದೆ ಓದಲು ಕೂರುತ್ತಿದ್ದ ಕೋಣೆ.

ಐವತ್ತು ದಾಟಿದ ಗಂಡಸು, ಹೆಂಡತಿಯನ್ನು ಕಳೆದುಕೊಂಡವರು, ಗುರುತಿಲ್ಲದ ಊರು, ತಾಯಿಯಿಲ್ಲದ ಐವರು ಹೆಣ್ಣುಮಕ್ಕಳು. ಲೂಯಿಯವರು ಏನು ಮಾಡಿದರು? ಕಿರಿಯ ಮಗಳಿಗೆ ಹಿತ್ತಲಿನಲ್ಲಿ ಒಂದು ಚಿಕ್ಕ ಜಾಗ ಬಿಟ್ಟುಕೊಟ್ಟು, ಅದು ಅವಳದೇ ತೋಟ ಎಂದರು. ಅವಳು ಅಲ್ಲಿ ಹೂಗಿಡಗಳನ್ನು ಬೆಳೆಸಿದಳು. ತೋಟದ ಗೋಡೆಯ ಗೂಡಿನಲ್ಲಿ ಹೂಗಳಿಂದ ಪುಟ್ಟ ಪೀಠಗಳನ್ನು ಅಲಂಕರಿಸಿ, ಅಪ್ಪನನ್ನು ಕೈಹಿಡಿದು ಎಳೆದು ತಂದು ತೋರಿಸುತ್ತಿದ್ದಳು. ಅಪ್ಪ ಅದನ್ನು ದೊಡ್ಡ ದೇವಾಲಯದ ಪೀಠವೋ ಎಂಬಂತೆ ಕಣ್ಣರಳಿಸಿ ಮೆಚ್ಚುತ್ತಿದ್ದರು. ನೆಲಕ್ಕೆ ಬಿದ್ದ ಬೀಜ, ಮರದ ತೊಗಟೆ ಕೂಡಿಸಿ ಅವಳು ಕಷಾಯ ಮಾಡಿ ಚೆಂದದ ಬಟ್ಟಲಿನಲ್ಲಿ ತಂದುಕೊಟ್ಟರೆ, ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಕುಡಿದಂತೆ ನಟಿಸುತ್ತಿದ್ದರು. ಬಟ್ಟಲನ್ನು ಹಿಂದಿರುಗಿಸುವ ಮುನ್ನ, ಉಳಿದದ್ದನ್ನು ಚೆಲ್ಲಲೇ ಎಂದು ಗುಟ್ಟಾಗಿ ಕೇಳುತ್ತಿದ್ದರು. ಮಗಳಿಗೆ ಚೆಲ್ಲಲು ಮನಸ್ಸಿಲ್ಲ. ಅದೇ ಕಷಾಯ ಇನ್ನೂ ಕೆಲವು ಸಲ ಉಪಯೋಗಕ್ಕೆ ಬರುತ್ತಿತ್ತು!

ಮಧ್ಯಾಹ್ನದ ಮೇಲೆ ಅಪ್ಪ ಮಗಳು ಕೈಹಿಡಿದು ತಿರುಗಾಡಲು ಹೊರಡುತ್ತಿದ್ದರು. ದಿನಕ್ಕೊಂದು ದೇವಾಲಯದಲ್ಲಿ ಪರಮಪ್ರಸಾದದ ಸಂದರ್ಶನ, ದಾರಿಯಲ್ಲಿ ಸಿಕ್ಕ ಬಡವರಿಗೆ ಮಗಳ ಕೈಯಿಂದಲೇ ಭಿಕ್ಷೆ. ಅಪ್ಪ ಮೀನು ಹಿಡಿಯಲು ಹೊರಟರೆ ಅವಳಿಗೂ ಒಂದು ಪುಟ್ಟ ಗಾಳ. ಆದರೆ ಸ್ವಲ್ಪ ಹೊತ್ತಿಗೇ ಅದನ್ನು ಬಿಟ್ಟು ಹೂಬಿಟ್ಟ ಹುಲ್ಲಿನ ಮೇಲೆ ಕುಳಿತು ಮೌನವಾಗಿ ಯೋಚನೆಯಲ್ಲಿ ಮುಳುಗುತ್ತಿದ್ದಳು. ತಾನು ಆಗ ಮಾಡುತ್ತಿದ್ದುದು ಧ್ಯಾನ ಎಂದು ಅವಳಿಗೆ ಗೊತ್ತಿರಲಿಲ್ಲ. ಪರಮಪ್ರಸಾದದ ಹಬ್ಬದ ಮೆರವಣಿಗೆಯಲ್ಲಿ ಹೂ ಎರಚುವುದೆಂದರೆ ಅವಳಿಗೆ ಎಲ್ಲಿಲ್ಲದ ಹಿಗ್ಗು. ಗುಲಾಬಿಯ ಎಸಳುಗಳನ್ನು ಎತ್ತರಕ್ಕೆ ತೂರಿ, ಅವು ಪರಮಪ್ರಸಾದದ ಪಾತ್ರೆಯನ್ನು ತಾಕಿದರೆ ಅವಳ ಸಂತೋಷಕ್ಕೆ ಪಾರವೇ ಇರಲಿಲ್ಲ. ಸಂಜೆ ಮನೆಯಲ್ಲಿ ಅಪ್ಪ ಹಾಡುತ್ತಿದ್ದರು; ಅಕ್ಕಂದಿರು ಪುಸ್ತಕ ಓದುತ್ತಿದ್ದರು; ಕೊನೆಗೆ ಎಲ್ಲರೂ ಕೂಡಿ ಪ್ರಾರ್ಥನೆ. ಸಂತರು ಹೇಗೆ ಪ್ರಾರ್ಥಿಸುತ್ತಾರೆಂದು ತಿಳಿಯಲು ಅವಳು ಅಪ್ಪನ ಮುಖವನ್ನು ನೋಡಿದರೆ ಸಾಕಿತ್ತು.

ಪ್ರಿಯ ತಂದೆತಾಯಂದಿರೇ, ಇಲ್ಲೊಂದು ಕ್ಷಣ ನಿಲ್ಲಿ. ತಾಯಿ ಸತ್ತ ಮಗುವಿಗೆ ದೇವರ ಪ್ರೀತಿಯನ್ನು ಮಾತಿನಿಂದ ತಿಳಿಸಲು ಸಾಧ್ಯವೇ? ದೇವರೇ ತಾಯಿಯನ್ನು ಕರೆದುಕೊಂಡ ಎಂದು ಹೇಳಿದರೆ ಆ ಮಗು ಅಂಥ ದೇವರನ್ನು ಹೇಗೆ ನಂಬೀತು? ಲೂಯಿಯವರು ಈ ಕಷ್ಟವನ್ನು ಬಟ್ಟಲ ಕಷಾಯದಿಂದ ದಾಟಿದರು. ಒಂದು ಹಿಡಿ ಮಣ್ಣು, ನಾಲ್ಕು ಹೂಗಿಡ, ಕೆಲಸ ಬಿಟ್ಟು ನಗುತ್ತ ಬಗ್ಗುವ ಒಬ್ಬ ಅಪ್ಪ. ಮುಂದೆ ಸ್ವರ್ಗದಲ್ಲಿರುವ ತಂದೆಯ ಮುಂದೆ ಅವಳು ಭಯವಿಲ್ಲದೆ ನಿಂತದ್ದು ಈ ಹಿತ್ತಲಿನ ಪಾಠದಿಂದ. ಕೃಪೆಯು ಸ್ವಭಾವವನ್ನು ಅಳಿಸಿಹಾಕುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದನ್ನು ನಾವು ಗುರುಮಠದಲ್ಲಿ ಪುಸ್ತಕದಿಂದ ಕಲಿತೆವು. ಲೂಯಿಯವರ ಮಗಳು ಅದನ್ನು ಹೂಪಾತಿಯ ಪಕ್ಕದಲ್ಲೇ ಕಲಿತಳು.

ಆದರೆ ಹಿತ್ತಲ ಹೂವು ಎಲ್ಲ ನೋವನ್ನೂ ವಾಸಿಮಾಡುವುದಿಲ್ಲ. ಎರಡನೆಯ ತಾಯಿಯಂತಿದ್ದ ಅಕ್ಕ ಪೌಲೀನ್ 1882ರ ಅಕ್ಟೋಬರಿನಲ್ಲಿ ಲಿಸಿಯುವಿನ ಕಾರ್ಮೆಲ್ ಮಠ ಸೇರಿದಳು. ತೆರೇಸಾಳಿಗೆ ಇನ್ನೊಮ್ಮೆ ತಾಯಿಯನ್ನು ಕಳೆದುಕೊಂಡಂತಾಯಿತು. ಮರುವರ್ಷ ಅವಳು ಕಠಿಣವಾದ, ವಿಚಿತ್ರವಾದ ಕಾಯಿಲೆಗೆ ಬಿದ್ದಳು. ನಡುಕ, ಭ್ರಮೆ, ಭಯ. ಮನೆಯವರು ಆಸೆ ಬಿಡುವಂಥ ಸ್ಥಿತಿ. ಸ್ವಲ್ಪ ಹಗುರವಾದ ಗಳಿಗೆಗಳಲ್ಲಿ ಅವಳು ಮಾಡುತ್ತಿದ್ದುದೇನು ಗೊತ್ತೇ? ಹಾಸಿಗೆಯಲ್ಲೇ ಕುಳಿತು ಡೇಸಿ ಹೂಗಳನ್ನೂ ಪುಟ್ಟ ನೀಲಿ ಹೂಗಳನ್ನೂ ಹೆಣೆದು ಮರಿಯಮ್ಮನವರಿಗೆ ಕಿರೀಟ ಕಟ್ಟುತ್ತಿದ್ದಳು. ಅಲೆನ್ಸಾನಿನ ತೋಟದಲ್ಲಿದ್ದ ಆ ಸ್ವರೂಪವೇ ಈಗ ಅವಳ ಹಾಸಿಗೆಯ ಬಳಿ ಇತ್ತು. 1883ರ ಮೇ 13, ಪವಿತ್ರಾತ್ಮರ ಆಗಮನದ ಹಬ್ಬದ ದಿನ, ಅಕ್ಕಂದಿರು ಮೊಣಕಾಲೂರಿ ಬೇಡುತ್ತಿರುವಾಗ ಮರಿಯಮ್ಮನವರು ತನ್ನತ್ತ ನಕ್ಕದ್ದನ್ನು ಅವಳು ಕಂಡಳು, ಕಾಯಿಲೆ ಬಿಟ್ಟುಹೋಯಿತು. ಇಂದು ಲಿಸಿಯುವಿನ ಕಾರ್ಮೆಲ್ ದೇವಾಲಯದಲ್ಲಿ ಸಂತಳ ಅವಶೇಷಗಳ ಮೇಲ್ಗಡೆ ನಿಂತಿರುವುದು ಅದೇ ಸ್ವರೂಪ.

ಮುಂದೆ ಅವಳು ಮನೆಯ ಮೇಲಿನ ಕೋಣೆಯೊಂದನ್ನು ತನ್ನದಾಗಿಸಿಕೊಂಡಳು. ಅದೊಂದು ಸಂತೆಯೇ ಸರಿ! ಹೂಕುಂಡಗಳು, ಸ್ವರೂಪಗಳು, ಚಿಪ್ಪುಗಳು, ಪುಸ್ತಕಗಳು, ಮೀನಿನ ಗಾಜಿನ ತೊಟ್ಟಿ, ಹಕ್ಕಿಗಳು ತುಂಬಿದ ದೊಡ್ಡ ಪಂಜರ. ಕ್ಯಾನರಿ ಹಕ್ಕಿಯ ಜೊತೆ ಬೆಳೆದ ಲಿನೆಟ್ ಎಂಬ ಕಾಡುಹಕ್ಕಿಯ ಮರಿಯೊಂದು, ಬೇರೆ ಗುರುವಿಲ್ಲದೆ, ಆ ಕ್ಯಾನರಿಯ ಹಾಡನ್ನೇ ಕಷ್ಟಪಟ್ಟು ಕಲಿತದ್ದನ್ನು ಅವಳು ಗಮನಿಸಿದ್ದಳು. ಮಕ್ಕಳು ತಮ್ಮ ಸುತ್ತಲಿನವರನ್ನು ನೋಡಿಯೇ ಕಲಿಯುತ್ತಾರೆ ಎಂಬುದಕ್ಕೆ ಮುಂದೆ ಅವಳಿಗೆ ನೆನಪಾದದ್ದು ಆ ಹಕ್ಕಿ. ಮನೆಯಲ್ಲಿ ಟಾಮ್ ಎಂಬ ನಾಯಿಯೂ ಇತ್ತು.

ಮನೆಯ ಸುಖಗಳು ಕೊಡುಗೆಯಾಗಿ ಬದಲಾದ ರಾತ್ರಿಯೊಂದಿದೆ. 1886ರ ಕ್ರಿಸ್ಮಸ್. ಅಲ್ಲಿನ ಪದ್ಧತಿಯಂತೆ ಮಕ್ಕಳು ಒಲೆಗೂಡಿನ ಬಳಿ ಪಾದರಕ್ಷೆ ಇಡುತ್ತಿದ್ದರು. ನಡುರಾತ್ರಿಯ ಪೂಜೆ ಮುಗಿಸಿ ಬಂದು ಅದರೊಳಗಿನ ಉಡುಗೊರೆಗಳನ್ನು ಒಂದೊಂದಾಗಿ ತೆಗೆಯುವುದನ್ನು ನೋಡಲು ಅಪ್ಪನಿಗೂ ಖುಷಿ. ಅಂದು ಅಪ್ಪ ದಣಿದಿದ್ದರು. ಇಷ್ಟು ದೊಡ್ಡವಳಾದ ಮೇಲೂ ಇದೇನು, ಸದ್ಯ ಇದೇ ಕೊನೆಯ ವರ್ಷ ಎಂಬರ್ಥದ ಮಾತು ಅವರ ಬಾಯಿಂದ ಬಂತು. ಮೆಟ್ಟಿಲೇರುತ್ತಿದ್ದ ತೆರೇಸಾಳ ಕಿವಿಗೆ ಅದು ಬಿತ್ತು. ಕಣ್ಣು ತುಂಬಿತು. ಹಿಂದಿನ ತೆರೇಸಾ ಆಗಿದ್ದರೆ ಆ ಹಬ್ಬ ಅಳುವಿನಲ್ಲೇ ಮುಗಿಯುತ್ತಿತ್ತು. ಅಂದು ಅವಳು ಕಣ್ಣೀರು ನುಂಗಿ, ಎದೆಬಡಿತ ಅದುಮಿಕೊಂಡು, ಕೆಳಗಿಳಿದು ಬಂದು, ನಗುನಗುತ್ತ ಒಂದೊಂದೇ ಉಡುಗೊರೆ ಎತ್ತಿ ಅಪ್ಪನ ಮುಂದಿಟ್ಟಳು. ಅಪ್ಪನೂ ನಕ್ಕರು. ಅಂದಿನವರೆಗೆ ಮನೆಯ ಸಂತೋಷವನ್ನು ಪಡೆಯುವವಳಾಗಿದ್ದ ಹುಡುಗಿ ಅಂದಿನಿಂದ ಕೊಡುವವಳಾದಳು. ಅದೇ ತನ್ನ ಪರಿವರ್ತನೆಯ ದಿನ ಎಂದು ಮುಂದೆ ಅವಳೇ ಬರೆದಳು. ಹದಿನಾಲ್ಕು ತುಂಬಲು ಇನ್ನೂ ಒಂದು ವಾರವಿತ್ತು.

ಮರುವರ್ಷ ಮೇ 29, ಮತ್ತೆ ಪವಿತ್ರಾತ್ಮರ ಆಗಮನದ ಹಬ್ಬ. ಅದೇ ತಿಂಗಳ ಆರಂಭದಲ್ಲಿ ಲೂಯಿಯವರಿಗೆ ಪಾರ್ಶ್ವವಾಯುವಿನ ಮೊದಲ ಹೊಡೆತ ಬಿದ್ದಿತ್ತು. ಇಬ್ಬರು ಹೆಣ್ಣುಮಕ್ಕಳು ಆಗಲೇ ಕಾರ್ಮೆಲ್ ಸೇರಿದ್ದರು. ಸಂಜೆ ಅಪ್ಪ ತೋಟದಲ್ಲಿ ಕುಳಿತಿದ್ದಾಗ ತೆರೇಸಾ ಪಕ್ಕಕ್ಕೆ ಬಂದು ಕುಳಿತಳು. ಅವಳ ಕಣ್ಣು ಒದ್ದೆಯಾಗಿರುವುದನ್ನು ಕಂಡು ಅಪ್ಪ ತಲೆಯನ್ನು ಎದೆಗೊರಗಿಸಿಕೊಂಡರು. ಇಬ್ಬರೂ ಮೆಲ್ಲನೆ ತೋಟದಲ್ಲಿ ಹೆಜ್ಜೆ ಹಾಕಿದರು. ತಾನೂ ಮಠ ಸೇರಬೇಕೆಂಬ ಆಸೆಯನ್ನು ಅವಳು ಹೇಳಿಕೊಂಡಳು. ಲೂಯಿಯವರು ಅತ್ತರು, ಬೇಡವೆನ್ನಲಿಲ್ಲ. ತಗ್ಗಾದ ಗೋಡೆಯ ಬಳಿ ಹೋಗಿ, ಅಲ್ಲಿ ಬೆಳೆದಿದ್ದ ಒಂದು ಚಿಕ್ಕ ಬಿಳಿ ಹೂವನ್ನು ಕಿತ್ತು ಮಗಳ ಕೈಗಿಟ್ಟು, ದೇವರು ಎಷ್ಟು ಜತನದಿಂದ ಆ ಹೂವನ್ನು ಹುಟ್ಟಿಸಿ ಅಂದಿನವರೆಗೆ ಕಾಪಾಡಿದ್ದಾರೆಂದು ವಿವರಿಸಿದರು. ಹೂವು ಬೇರುಸಹಿತ ಬಂದಿತ್ತು. ಬೇರೊಂದು ನೆಲದಲ್ಲಿ ಬದುಕಲೆಂದೇ ಅದು ಹಾಗೆ ಬಂತೆಂದು ಅವಳಿಗೆ ತೋರಿತು. ಆ ಹೂವನ್ನು ಅವಳು ಕ್ರಿಸ್ತಾನುಕರಣೆ ಪುಸ್ತಕದ ಹಾಳೆಗಳ ನಡುವೆ ಜೀವನವಿಡೀ ಕಾದಿಟ್ಟಳು.

ಮಗಳನ್ನು ದೇವರಿಗೆ ಒಪ್ಪಿಸುವ ಆ ಕಷ್ಟದ ಗಳಿಗೆಯಲ್ಲಿ ತಂದೆಗೆ ದೊಡ್ಡ ಮಾತುಗಳು ಬೇಕಾಗಲಿಲ್ಲ, ಗೋಡೆಯ ಸಂದಿಯ ಹೂವೊಂದು ಸಾಕಾಯಿತು. ಹತ್ತು ವರ್ಷ ಒಂದೇ ಹಿತ್ತಲಿನಲ್ಲಿ ಹೂ ನೋಡಿಕೊಂಡು ಬದುಕಿದ ಇಬ್ಬರಿಗೆ ಮಾತ್ರ ಅರ್ಥವಾಗುವ ಭಾಷೆ ಅದು. ನಮ್ಮ ಮನೆಗಳಲ್ಲಿ ಅಂಥ ಭಾಷೆಯೊಂದು ಉಳಿದಿದೆಯೇ?

ವಯಸ್ಸು ಸಾಲದೆಂದು ಮಠದ ಮೇಲ್ವಿಚಾರಕ ಗುರುಗಳು ಒಪ್ಪಲಿಲ್ಲ. ತಂದೆಯೊಡನೆ ರೋಮಿಗೆ ಹೋಗಿ 1887ರ ನವೆಂಬರ್ 20ರಂದು ಪರಮಗುರು ಹದಿಮೂರನೇ ಲಿಯೋ ಅವರ ಪಾದದ ಬಳಿ ಕುಳಿತು ಬೇಡಿದಳು. ಕೊನೆಗೆ 1888ರ ಏಪ್ರಿಲ್ 9ರಂದು, ಹದಿನೈದನೇ ವಯಸ್ಸಿನಲ್ಲಿ, ಲೆ ಬ್ಯುಸೊನೆಯ ಹಿತ್ತಲಿಗೂ ಹಕ್ಕಿಗಳಿಗೂ ಅಪ್ಪನಿಗೂ ವಿದಾಯ ಹೇಳಿ ಮಠದ ಬಾಗಿಲು ದಾಟಿದಳು. ಕಾರ್ಮೆಲ್ ಮಠದ ಗೋಡೆಯೆಂದರೆ ಏನೆಂದು ಮಂಗಳೂರಿನವರು ಬಲ್ಲರು. 1870ರಲ್ಲೇ ಫ್ರಾನ್ಸಿನಿಂದ ಬಂದ ಕಾರ್ಮೆಲ್ ಸನ್ಯಾಸಿನಿಯರು ಅಲ್ಲಿ ಅಂಥದೇ ಮಠ ಕಟ್ಟಿದರು. ಒಳಗೆ ಹೋದವರು ಮತ್ತೆ ಹೊರಗಿನ ಹೊಲ, ಹಾದಿ ಕಾಣುವುದಿಲ್ಲ. ಇನ್ನು ವಸಂತದ ಹೂಗಳ ನಡುವೆ ಓಡಾಡುವ ಸುಖ ತನಗಿಲ್ಲ ಎಂದು ಅರಿತೇ ಅವಳು ಆ ತ್ಯಾಗ ಮಾಡಿದ್ದಳು.

ಆದರೆ ಬಿಟ್ಟುಕೊಟ್ಟದ್ದು ಬೇರೆ ದಾರಿಯಿಂದ ಹಿಂದಿರುಗಿತು. ಮಠಕ್ಕೆ ಬಂದ ಮೇಲೆ ತನಗೆ ಸಿಕ್ಕಷ್ಟು ಹೂಗಳು ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಆಕೆ ನೆನೆದಿದ್ದಾಳೆ. ಹೊಲದ ನೀಲಿ ಹೂ, ಕೆಂಪು ಗಸಗಸೆ ಹೂ, ದೊಡ್ಡ ಡೇಸಿಗಳು ಎಲ್ಲ ಬಂದವು. ಪೈರಿನ ನಡುವೆ ಕಳೆಯಾಗಿ ಬೆಳೆಯುವ, ಫ್ರೆಂಚರು ನಿಯೆಲ್ ಎಂದು ಕರೆಯುವ ಒಂದು ಹೂವನ್ನು ಮಾತ್ರ ಅಲೆನ್ಸಾನ್ ಬಿಟ್ಟಂದಿನಿಂದ ಆಕೆ ಕಂಡಿರಲಿಲ್ಲ. ನೋಡಬೇಕೆಂಬ ಆಸೆ ಮನಸ್ಸಿನಲ್ಲೇ ಇತ್ತು. ಒಂದು ದಿನ ಅದೂ ಮಠದೊಳಗೆ ಬಂತು. ನಮಗಾದರೆ ಅದು ಕಳೆಗಿಡದ ಹೂವು. ಆಕೆಗೆ ಅದು ದೇವರು ಸಣ್ಣ ಆಸೆಗಳಿಗೂ ಕಿವಿಗೊಡುತ್ತಾರೆ ಎಂಬುದರ ಗುರುತು.

ಹೂವಿನ ಮೇಲಿನ ಆ ಪ್ರೀತಿ ಪರೀಕ್ಷೆಗೂ ಒಳಗಾಯಿತು. ಮಠದ ಪಡಸಾಲೆಯಲ್ಲಿದ್ದ ಬಾಲಯೇಸುವಿನ ಸ್ವರೂಪಕ್ಕೆ ಹೂವಿಡುವ ಕೆಲಸ ಆಕೆಯದು. ಅಲ್ಲೊಬ್ಬ ವಯಸ್ಸಾದ ಸನ್ಯಾಸಿನಿಗೆ ಹೂವಿನ ವಾಸನೆ ಸಹಿಸಲಾಗುತ್ತಿರಲಿಲ್ಲ. ತೆರೇಸಾ ಮಾತಿಲ್ಲದೆ ವಾಸನೆಯ ಹೂಗಳನ್ನು ನಿಲ್ಲಿಸಿಬಿಟ್ಟರು. ಒಂದು ದಿನ ಚೆಂದದ ಕಾಗದದ ಗುಲಾಬಿಯೊಂದನ್ನು ಇಡಲು ಹೊರಟಾಗ ಆ ಹಿರಿಯರು ಕರೆದರು. ಆಕ್ಷೇಪಣೆ ಬರುವುದೆಂದು ತೆರೇಸಾಗೆ ಗೊತ್ತಾಯಿತು. ಅವರು ಮಾತಾಡಿಬಿಟ್ಟು ಆಮೇಲೆ ಹೂವು ಕೃತಕವೆಂದು ತಿಳಿದು ನಾಚಿಕೊಳ್ಳಬಾರದಲ್ಲ! ಅದಕ್ಕೆ ತಾನೇ ಮುಂದಾಗಿ ಆ ಹೂವನ್ನು ಕೈಗೆ ಕೊಟ್ಟು, ಈಗಿನ ಕಾಲದಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಾರೆ ನೋಡಿ ಎಂಬಂತೆ ತೋರಿಸಿದರು. ತನ್ನ ಇಷ್ಟವನ್ನು ಬಿಡುವುದು ಒಂದು ಮೆಟ್ಟಿಲು. ಬಿಟ್ಟದ್ದರಿಂದ ಎದುರಿನವರಿಗೆ ಮುಜುಗರವಾಗದಂತೆ ಕಾಯುವುದು ಅದಕ್ಕೂ ಎತ್ತರದ ಮೆಟ್ಟಿಲು. ಸಂತಳ ಕಿರುಹಾದಿ ಎಂದು ಧರ್ಮಸಭೆ ಕೊಂಡಾಡುವುದು ಇಂಥ ನಡೆಯನ್ನೇ.

ಅತ್ತ ಮನೆಯ ಕಥೆ ದುಃಖದ ಕಡೆ ತಿರುಗಿತ್ತು. ಲೂಯಿಯವರ ನೆನಪು, ಬುದ್ಧಿ ಕದಡತೊಡಗಿತು. ಒಮ್ಮೆ ಯಾರಿಗೂ ಹೇಳದೆ ಮನೆ ಬಿಟ್ಟು ಹೋದರು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಕ್ಕೂ ಮೇಲೆ ಅಲ್ಲಿದ್ದರು. ಲೆ ಬ್ಯುಸೊನೆಯ ಬಾಡಿಗೆ ಮನೆ ಕೈಬಿಟ್ಟಿತು. ಹೆಣ್ಣುಮಕ್ಕಳು ಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತು ಎಂಬ ಊರಿನವರ ಮಾತು ಮಠದ ಗೋಡೆ ದಾಟಿ ಒಳಗೂ ಬಂತು. ಗೋಡೆಯ ಹೂವನ್ನು ಕಿತ್ತು ಕೊಟ್ಟ ಆ ಕೈಗಳನ್ನು ಹಿಡಿಯಲು ಕಿರಿಯ ಮಗಳಿಗೆ ಸಾಧ್ಯವಿರಲಿಲ್ಲ. 1892ರಲ್ಲಿ ಒಮ್ಮೆ ಮಾತ್ರ ಮಠದ ಭೇಟಿಯ ಕೋಣೆಗೆ ಗಾಲಿಕುರ್ಚಿಯಲ್ಲಿ ಕರೆತಂದರು. ಹೊರಡುವಾಗ ಅವರು ಬೆರಳೆತ್ತಿ ಮೇಲಕ್ಕೆ, ಸ್ವರ್ಗದ ಕಡೆಗೆ ತೋರಿಸಿದರು. 1894ರ ಜುಲೈ 29ರಂದು ತೀರಿಕೊಂಡರು. ಕೊನೆಯವರೆಗೂ ಅವರ ಸೇವೆ ಮಾಡಿದ ಸೆಲೀನ್ ಆಮೇಲೆ ಅದೇ ಮಠ ಸೇರಿದಳು.

ವಯಸ್ಸಾದ ತಂದೆಯೋ ತಾಯಿಯೋ ಮರೆವಿನ ಕಾಯಿಲೆಯಲ್ಲಿರುವ ಮನೆಗಳು ನಮ್ಮಲ್ಲೂ ಇವೆ. ಮಗಳ ಹೆಸರನ್ನೇ ಮರೆತ ಅಪ್ಪನ ಮುಂದೆ ಕುಳಿತು ಅತ್ತವರು ಈ ಪುಟ ಓದುತ್ತಿರಬಹುದು. ಈ ಸಂತಳೂ ಆ ದುಃಖವನ್ನು ಕಂಡವಳೇ ಎಂದು ನಿಮಗೆ ಹೇಳಬೇಕೆನಿಸಿತು.

ಅಪ್ಪ ತೀರಿಕೊಂಡ ಮೇಲೆ, ಮಠದ ಹಿರಿಯಳಾಗಿದ್ದ ಅಕ್ಕ ಪೌಲೀನಳ ಆಜ್ಞೆಯಂತೆ ತೆರೇಸಾ 1895ರಲ್ಲಿ ಬಾಲ್ಯದ ನೆನಪುಗಳನ್ನು ಬರೆಯತೊಡಗಿದರು. ಮೊದಲ ಪುಟಗಳಲ್ಲೇ ಹೂತೋಟ ಬರುತ್ತದೆ. ಗುಲಾಬಿಯೂ ಲಿಲ್ಲಿಯೂ ಚೆಂದವೇ. ಆದರೆ ಅವುಗಳ ಚೆಲುವು ಪುಟ್ಟ ಡೇಸಿಯ ಸರಳತೆಯನ್ನು ಕಸಿಯುವುದಿಲ್ಲ, ಎಲ್ಲ ಹೂಗಳೂ ಗುಲಾಬಿಯಾದರೆ ವಸಂತವೇ ಸೊರಗೀತು ಎಂಬುದು ಅಲ್ಲಿಯ ವಿಚಾರ. ದೇವರ ತೋಟದಲ್ಲಿ ದೊಡ್ಡ ಸಂತರಿಗೂ ಜಾಗವಿದೆ, ನಿಮ್ಮಂಥ ನನ್ನಂಥ ಸಣ್ಣವರಿಗೂ ಜಾಗವಿದೆ. ಇಷ್ಟು ಆಳವಾದ ದೈವಶಾಸ್ತ್ರವನ್ನು ಇಷ್ಟು ಸುಲಭವಾಗಿ ಹೇಳಲು ಹೂಪಾತಿಗೆ ನೀರು ಹಾಕಿದ ಕೈಯೇ ಬೇಕಾಯಿತು.

1896ರ ಶುಭ ಶುಕ್ರವಾರದ ಮುಂಜಾವದ ಹೊತ್ತಿಗೆ ಆಕೆಯ ಬಾಯಲ್ಲಿ ರಕ್ತ ಕಾಣಿಸಿಕೊಂಡಿತು. ಕ್ಷಯರೋಗ. ಅದೇ ಪಾಸ್ಖ ಕಾಲದಲ್ಲಿ ಇನ್ನೊಂದು ಕತ್ತಲೂ ಕವಿಯಿತು. ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಶಂಕೆ, ವಿಶ್ವಾಸದ ಬೆಳಕೇ ಕಾಣದ ಸ್ಥಿತಿ. ಅದು ಸಾಯುವವರೆಗೂ ಸರಿಯಲಿಲ್ಲ. 1897ರ ಬೇಸಿಗೆಯಲ್ಲಿ ಆಕೆಯನ್ನು ಮಠದ ತೋಟದ ಚೆಸ್ಟ್‌ನಟ್ ಮರಗಳ ನೆರಳಿಗೆ ಗಾಲಿಕುರ್ಚಿಯಲ್ಲಿ ಕರೆತರುತ್ತಿದ್ದರು. ಅದು ಅಪ್ಪ ಬಳಸಿದ ಗಾಲಿಕುರ್ಚಿಯೇ. ಅಲ್ಲಿ ಕುಳಿತು ಕೊನೆಯ ಪುಟಗಳನ್ನು ಬರೆಯುತ್ತಿದ್ದಾಗ, ಹುಲ್ಲು ಒಟ್ಟುತ್ತಿದ್ದ ಸಹೋದರಿಯರು ಕವೆಗೋಲು ಹೆಗಲಿಗೇರಿಸಿಕೊಂಡು ಬಂದು, ಬೇಸರ ಕಳೆಯಲೆಂದು ಹುಲ್ಲು, ಬಾತು, ಕೋಳಿ, ಡಾಕ್ಟರು ಎಂದೆಲ್ಲ ಹರಟುತ್ತಿದ್ದರು. ಒಬ್ಬರು ಹೂ ಕಿತ್ತು ತಂದು ಮಡಿಲಿಗೆ ಸುರಿದರು. ಆ ಹೂಗಳು ಗಿಡದಲ್ಲೇ ತೂಗಾಡುತ್ತಿದ್ದರೆ ಚೆನ್ನಿತ್ತು ಎಂದು ಆಕೆಗನಿಸಿತಂತೆ. ಆದರೂ ಪ್ರತಿ ಸಲ ಲೇಖನಿ ಕೆಳಗಿಟ್ಟು ನಕ್ಕರು. ಬಂದವರ ಪ್ರೀತಿ ಬರವಣಿಗೆಗಿಂತ ಮುಖ್ಯವಾಗಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ಮಗಳ ಕಷಾಯದ ಬಟ್ಟಲು ಹಿಡಿಯುತ್ತಿದ್ದ ಅಪ್ಪನ ನೆನಪು ನಿಮಗಾಗುತ್ತಿಲ್ಲವೇ?

ಒಂದು ದಿನ ಆ ತೋಟದಲ್ಲಿ ಬಿಳಿ ಕೋಳಿಯೊಂದು ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡದ್ದನ್ನು ಕಂಡು ಆಕೆ ಅತ್ತುಬಿಟ್ಟರು. ದೇವರು ತನ್ನನ್ನು ಜೀವನವಿಡೀ ಹೀಗೆಯೇ ಕಾಪಾಡಿದರಲ್ಲ ಎಂಬ ಕೃತಜ್ಞತೆ. ಶುಭಸಂದೇಶದಲ್ಲಿ ಯೇಸುಸ್ವಾಮಿಯೇ ಆರಿಸಿಕೊಂಡ ಚಿತ್ರ ಅದು. ಇನ್ನೊಂದು ದಿನ ಮರಗಳ ಬಳಿ ಏನೂ ಕಾಣದ ಕಪ್ಪು ಜಾಗವೊಂದನ್ನು ತೋರಿಸಿ, ತನ್ನ ಆತ್ಮವೂ ದೇಹವೂ ಅಂಥ ಕತ್ತಲಲ್ಲಿವೆ, ಆದರೂ ತಾನು ಅಲ್ಲಿ ಸಮಾಧಾನದಿಂದಿದ್ದೇನೆ ಎಂಬ ಅರ್ಥದ ಮಾತನಾಡಿದರು. ಒಂದೇ ತೋಟದಲ್ಲಿ ಕೋಳಿಯ ರೆಕ್ಕೆಯೂ ಇತ್ತು, ಕಪ್ಪು ಗುಂಡಿಯೂ ಇತ್ತು. ಆಕೆ ಎರಡನ್ನೂ ಕಂಡರು, ಒಂದನ್ನೂ ಮುಚ್ಚಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಯಾರೋ ಒಂದು ಗುಲಾಬಿ ತಂದುಕೊಟ್ಟರು. ಏಳಲಾರದ ಆಕೆ ಒಂದೊಂದೇ ಎಸಳು ಬಿಡಿಸಿ ಶಿಲುಬೆಯ ಮೇಲಿನ ಯೇಸುಸ್ವಾಮಿಯ ಗಾಯಗಳನ್ನು ಸವರಿದರು. ಪರಮಪ್ರಸಾದದ ಮೆರವಣಿಗೆಯಲ್ಲಿ ಎಸಳು ತೂರಿದ ಹುಡುಗಿಯ ಕೈಗಳೇ ಅವು. ಆಗ ಹಿಗ್ಗಿನಿಂದ ಮಾಡಿದ್ದನ್ನು ಈಗ ಕತ್ತಲಲ್ಲಿ, ಏನೂ ಕಾಣದೆ, ಬರಿಯ ಪ್ರೀತಿಯಿಂದ ಮಾಡಿದರು. 1897ರ ಸೆಪ್ಟೆಂಬರ್ 30ರ ಸಂಜೆ ಪ್ರಾಣ ಬಿಟ್ಟರು. ವಯಸ್ಸು ಇಪ್ಪತ್ತನಾಲ್ಕು.

ಉಳಿದದ್ದು ನಿಮಗೆ ಗೊತ್ತೇ ಇದೆ. ಮರುವರ್ಷ ಆಕೆಯ ಬರವಣಿಗೆ ಪುಸ್ತಕವಾಗಿ ಹೊರಬಂದು ಲೋಕವನ್ನೆಲ್ಲ ಸುತ್ತಿತು. 1925ರ ಮೇ 17ರಂದು ಪರಮಗುರು ಹನ್ನೊಂದನೇ ಪಿಯುಸ್ ಆಕೆಯನ್ನು ಸಂತರ ಸಾಲಿಗೆ ಸೇರಿಸಿದರು. ಮಠದ ಹೊರಗೆ ಕಾಲಿಡದ ಆಕೆ 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಜೊತೆ ಧರ್ಮಪ್ರಚಾರದ ಪಾಲಕಿಯಾದರು. ಇದರಲ್ಲಿ ನಮಗೂ ಒಂದು ಎಳೆಯಿದೆ: ಪ್ರಾರ್ಥನೆಯಿಂದಲೂ ಪತ್ರಗಳಿಂದಲೂ ಆಕೆ ಆಧರಿಸಿದ, ಚೀನಾಕ್ಕೆ ಹೋದ ಫಾದರ್ ಅಡಾಲ್ಫ್ ರೂಲ್ಲಾನ್ ಅವರು ಪ್ಯಾರಿಸಿನ ವಿದೇಶಿ ಧರ್ಮಪ್ರಚಾರ ಸಭೆಯವರು, ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದ ಫ್ರೆಂಚ್ ಗುರುಗಳೂ ಅದೇ ಸಭೆಯವರು. 1997ರಲ್ಲಿ ಪರಮಗುರು ಎರಡನೇ ಜಾನ್ ಪೌಲರು ಆಕೆಯನ್ನು ಧರ್ಮಸಭೆಯ ಪಂಡಿತರಲ್ಲೊಬ್ಬರೆಂದು ಘೋಷಿಸಿದರು. 2015ರ ಅಕ್ಟೋಬರ್ 18ರಂದು ಪರಮಗುರು ಫ್ರಾನ್ಸಿಸರು ಲೂಯಿ ಮತ್ತು ಝೆಲಿ ಇಬ್ಬರಿಗೂ ಒಟ್ಟಿಗೆ ಸಂತ ಪದವಿ ನೀಡಿದರು. ಗಂಡಹೆಂಡಿರನ್ನು ಜೊತೆಯಾಗಿ ಸಂತರೆಂದು ಸಾರಿದ್ದು ಅದೇ ಮೊದಲು. ಹಿತ್ತಲಿನ ಕಷಾಯ ಕುಡಿದಂತೆ ನಟಿಸಿದ ಅಪ್ಪನೂ ಈಗ ಪೀಠವೇರಿದ್ದಾರೆ!

ಹಾಗಾದರೆ ಆರಂಭದ ಪ್ರಶ್ನ��ಗೆ ಬರೋಣ. ಹೂವನ್ನು, ಗಿಡವನ್ನು, ಕಾಲಿಗೆ ಮೈ ಉಜ್ಜುವ ಬೆಕ್ಕನ್ನು ಪ್ರೀತಿಸುವುದು ದೇವರಿಗೆ ಕೊಡಬೇಕಾದ್ದರಲ್ಲಿ ಕಡಿತ ಮಾಡಿದಂತೆಯೇ? ತೆರೇಸಮ್ಮನವರ ಬದುಕು ನೋಡಿ ನೀವೇ ಹೇಳಿ. ಆ ಪ್ರೀತಿ ಅವರಿಗೆ ದೇವರ ಅಕ್ಷರಾಭ್ಯಾಸವಾಯಿತು. ಒಂದು ಎಚ್ಚರಿಕೆ ಮಾತ್ರ ಅವರ ಮನೆಯವರಿಂದ ಕಲಿಯಬೇಕು. ಅಪ್ಪ ಹಿಡಿದ ಮೀನಿನಲ್ಲಿ ಬಡ ಸನ್ಯಾಸಿನಿಯರಿಗೆ ಪಾಲಿತ್ತು. ಮಗಳ ಹೂವು ಇನ್ನೊಬ್ಬರಿಗೆ ತೊಂದರೆ ಎಂದಾಗ ಆಕೆ ಅದನ್ನು ಬದಿಗಿಟ್ಟಳು. ನಮ್ಮ ಸಣ್ಣ ಸುಖದ ಬಾಗಿಲು ಹೀಗೆ ಇನ್ನೊಬ್ಬರ ಕಡೆ ತೆರೆದಿದ್ದರೆ ಸಾಕು, ಅದರಲ್ಲಿ ದೇವರು ಓಡಾಡುತ್ತಾರೆ.

ಈ ವಾರ ಒಂದು ಕೆಲಸ ಮಾಡುತ್ತೀರಾ? ನಿಮ್ಮ ಹಿತ್ತಲಲ್ಲೋ ಕುಂಡದಲ್ಲೋ ಅರಳಿದ ಮೊದಲ ಹೂವನ್ನು ಮನೆಯ ಪೀಠದ ಮುಂದಿಡಿ. ಎರಡನೆಯದನ್ನು ಬಹಳ ದಿನದಿಂದ ಹಾಸಿಗೆ ಹಿಡಿದಿರುವ ನೆರೆಯವರಿಗೆ, ಮಾತು ಬಿಟ್ಟ ಬಂಧುವಿಗೆ, ಮರೆವಿನಲ್ಲಿರುವ ನಿಮ್ಮ ತಂದೆಗೋ ತಾಯಿಗೋ ಕೊಟ್ಟು, ಐದು ನಿಮಿಷ ಪಕ್ಕದಲ್ಲಿ ಕುಳಿತು ಬನ್ನಿ. ನಿಮ್ಮ ಮಗು ಮಣ್ಣಿನ ಅಡುಗೆ ಮಾಡಿ ತಂದುಕೊಟ್ಟರೆ ಕೈಯಲ್ಲಿದ್ದ ಫೋನು ಕೆಳಗಿಟ್ಟು ರುಚಿ ನೋಡಿದಂತೆ ಮಾಡಿ, ಚೆನ್ನಾಗಿದೆ ಎನ್ನಿ. ಬಾಲಯೇಸುವಿನ ಸಂತ ತೆರೇಸಮ್ಮನವರು ನಮ್ಮೆಲ್ಲರ ಮನೆಗಳಿಗಾಗಿ ಪ್ರಾರ್ಥಿಸಲಿ.